ನೆಲ ಓದುವ ಬಗೆ

1,91,791 ಚದರ ಕಿಲೋಮೀಟರಿನ ಕರ್ನಾಟಕವನ್ನು ಕರಾವಳಿ, ಮಲೆನಾಡು, ಬಯಲುಸೀಮೆ ಎಂದು ವಿಂಗಡಿಸುವುದು ಶಾಲಾ ಪಾಠದ ರೂಢಿ. ವಿಂಗಡಣೆ ಸರಿಯೇ. ಆದರೆ ಭೂಗೋಳದ ನಿಜವಾದ ಸೊಗಸಿರುವುದು ನೆಲ ಮತ್ತು ಬದುಕಿನ ನಂಟನ್ನು ಬಿಡಿಸಿ ನೋಡುವುದರಲ್ಲಿ.

ಮುಂಗಾರು ಮೋಡ ಪಶ್ಚಿಮ ಘಟ್ಟಕ್ಕೆ ತಾಗಿ ಮೇಲೇರಿ ತಣಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,000 ಮಿ.ಮೀ. ಮಳೆ ಸುರಿದರೆ, ಘಟ್ಟದ ಮರೆಯಲ್ಲಿರುವ ಚಳ್ಳಕೆರೆಗೆ ಅದರ ಹತ್ತನೇ ಒಂದು ಪಾಲೂ ದಕ್ಕುವುದಿಲ್ಲ. ಮಲೆನಾಡಿನ ಮನೆಗೆ ಇಳಿಜಾರು ಹೆಂಚಿನ ಮಾಡು, ಬಯಲುಸೀಮೆಯ ಹಳೆಯ ಮನೆಗೆ ಮಟ್ಟಸವಾದ ಮಣ್ಣಿನ ಮಾಳಿಗೆ ಬಂದದ್ದು ಹೀಗೆ.

ಮಣ್ಣಿನ ಕಥೆ ಇನ್ನೂ ಸ್ವಾರಸ್ಯಕರ. ವಿಜಯಪುರ, ಕಲಬುರಗಿಗಳ ಕಪ್ಪು ಎರೆಮಣ್ಣು ಲಾವಾ ಹರಿದು ಹೆಪ್ಪುಗಟ್ಟಿದ ಬಸಾಲ್ಟ್ ಶಿಲೆಯ ಸಂತಾನ. ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಆ ತೇವದ ಬಲದಲ್ಲೇ ಹಿಂಗಾರಿ ಜೋಳ ಬೆಳೆಯುತ್ತದೆ. ಪೈರು ಹೊಲದಲ್ಲಿ ನಿಂತಿರುವಾಗಲೇ ಎಳ್ಳಮಾವಾಸ್ಯೆ ಬರುತ್ತದೆ: ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಭೂತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಅಲ್ಲೇ ಕೂತು ಸಜ್ಜೆ ರೊಟ್ಟಿ, ಭಜ್ಜಿ ಉಣ್ಣುತ್ತಾರೆ. ಶಿಲೆ, ಬೆಳೆ, ಹಬ್ಬ ಮೂರೂ ಒಂದೇ ಎಳೆ. ಕೋಲಾರ, ತುಮಕೂರಿನ ಕೆಂಪು ಮಣ್ಣಿನ ಕಡೆ ಜೋಳದ ಜಾಗದಲ್ಲಿ ರಾಗಿ ಇದೆ, ನೀರಿಗೆ ಕೆರೆಗಳ ಸರಪಳಿಯಿದೆ.

ನೆಲ, ಬದುಕುಗಳನ್ನು ಹೀಗೆ ಒಟ್ಟಿಗೆ ಓದುವ ಕ್ರಮದ ಹಳೆಯ ಮಾದರಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್. ಕಂಪನಿ ಸರ್ಕಾರದ ಲೆಕ್ಕಾಚಾರಕ್ಕಾಗಿ 1800-01ರಲ್ಲಿ ಮೈಸೂರು, ಕೆನರಾ ಸುತ್ತಿದರೂ, ಮಣ್ಣು, ಬಿತ್ತನೆ, ಮಗ್ಗ, ಆಚರಣೆಗಳನ್ನು ಬೇರೆ ಬೇರೆ ಖಾನೆಗೆ ಹಾಕದೆ ಊರೂರಿನಲ್ಲಿ ಕೇಳಿ ಬರೆದುಕೊಂಡರು. ಆ ವರದಿ 1807ರಲ್ಲಿ ಮೂರು ಸಂಪುಟಗಳಲ್ಲಿ ಅಚ್ಚಾಯಿತು.