ಸಡಿಲ ಹೊಲಿಗೆಯ ಸೊಗಸು

ಒಳ್ಳೆಯ ರೇಷ್ಮೆ ಟೈಯನ್ನು ಮೊದಲು ಬೆನ್ನ ಕಡೆಯಿಂದ ನೋಡಬೇಕು. ಅಂಗಡಿಯವರು ತೋರಿಸುವುದು ಬಣ್ಣ, ಪಟ್ಟೆ, ಚುಕ್ಕಿ. ಕಸುಬು ಇರುವುದು ಹಿಂಬದಿಯಲ್ಲಿ. ಎರಡು ಅಂಚುಗಳು ಬಂದು ಕೂಡುವ ನಡುಗೆರೆಯುದ್ದಕ್ಕೂ ಒಂದೇ ಉದ್ದ ದಾರ, ಕೈಯಲ್ಲಿ ದೂರ ದೂರ ಹಾಕಿದ ಹೊಲಿಗೆ. ಅದನ್ನು ಬಿಗಿಯಾಗಿ ಎಳೆದಿರುವುದಿಲ್ಲ. ತುದಿಯಲ್ಲಿ ಒಂದು ಪುಟ್ಟ ಕುಣಿಕೆಯಷ್ಟು ದಾರವನ್ನು ಬೇಕೆಂದೇ ಮಿಗಿಸಿ ಒಳಗೆ ಬಿಟ್ಟಿರುತ್ತಾರೆ. ಗಂಟು ಬಿಗಿದಾಗ ಬಟ್ಟೆ ಆ ದಾರದ ಮೇಲೆ ಸರಿದು ಜಾಗ ಮಾಡಿಕೊಳ್ಳುತ್ತದೆ, ಬಿಚ್ಚಿದಾಗ ಹಿಂದಕ್ಕೆ ಬರುತ್ತದೆ. ಮಿಕ್ಕುಳಿದ ನೂಲೆಂದು ಆ ಕುಣಿಕೆಯನ್ನು ಕತ್ತರಿಸಿದರೆ ನಡುಹೊಲಿಗೆಯೇ ಬಿಚ್ಚಿಕೊಳ್ಳಲು ಶುರುವಾಗುತ್ತದೆ.

ಇದಕ್ಕೆ ಹೊಂದುವಂಥದ್ದೇ ಕತ್ತರಿಯ ಕೆಲಸ. ಹಾಸು-ಹೊಕ್ಕಿಗೆ 45 ಡಿಗ್ರಿ ಓರೆಯಾಗಿ, ನಮ್ಮ ದರ್ಜಿಗಳ ಮಾತಿನಲ್ಲಿ ಕ್ರಾಸ್ ಆಗಿ, ರೇಷ್ಮೆಯನ್ನು ಕತ್ತರಿಸುತ್ತಾರೆ. ಬಟ್ಟೆ ಹೆಚ್ಚು ಹಾಳಾಗುತ್ತದೆ, ಆದರೆ ನೇರಕ್ಕೆ ಎಳೆದರೆ ಹಿಗ್ಗದ ರೇಷ್ಮೆ ಓರೆಯಲ್ಲಿ ಮೆಲ್ಲಗೆ ಹಿಗ್ಗುತ್ತದೆ. 1920ರ ದಶಕದಲ್ಲಿ ನ್ಯೂಯಾರ್ಕಿನ ಜೆಸ್ಸಿ ಲ್ಯಾಂಗ್ಸ್‌ಡಾರ್ಫ್ ಹೀಗೆ ಓರೆಯಾಗಿ ಕತ್ತರಿಸಿದ ಮೂರು ತುಂಡುಗಳನ್ನು ಜೋಡಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ತಿರುಚಿಕೊಳ್ಳದೆ ನೇರ ಇಳಿಯುವ ಇಂದಿನ ಟೈ ಅಲ್ಲಿಂದ ಬಂದದ್ದು. ಒಳಗೆ ಉಣ್ಣೆಯ ಪದರ. ಗಂಟಿಗೆ ಮೈ ಕೊಡುವುದು ಅದೇ. ಹೊರಗೆ ರೇಷ್ಮೆ, ಅದರ ಎಳೆಯನ್ನು ಅಡ್ಡ ಸೀಳಿದರೆ ಮೂಲೆ ಸವೆದ ತ್ರಿಕೋನದಂತೆ ಕಾಣುತ್ತದೆ. ಬೆಳಕು ಆ ಮುಖಗಳ ಮೇಲೆ ಬೇರೆ ಬೇರೆ ಕಡೆಗೆ ಚಿಮ್ಮುವುದರಿಂದಲೇ ಟೈ ತುಸು ಅಲುಗಿದರೂ ಬಣ್ಣ ಬದಲಾದಂತೆ ತೋರುವುದು.

ಈ ರಚನೆ ತಿಳಿದವರಿಗೆ ಆರೈಕೆಯನ್ನು ಬೇರೆಯಾಗಿ ಕಲಿಸಬೇಕಿಲ್ಲ. ಕಟ್ಟಿದ ಕ್ರಮವನ್ನೇ ಹಿಂದುಮುಂದಾಗಿಸಿ ಗಂಟು ಬಿಚ್ಚುತ್ತಾರೆ. ಕಿರಿದಾದ ತುದಿಯನ್ನು ಹಿಡಿದು ಗಂಟಿನೊಳಗಿಂದ ಸರಕ್ಕನೆ ಎಳೆಯುವುದಿಲ್ಲ. ಹಾಗೆ ಎಳೆದರೆ ರೇಷ್ಮೆ ರೇಷ್ಮೆಯನ್ನೇ ಉಜ್ಜಿ ಸವೆಸುತ್ತದೆ, ಒಳಪದರ ತಿರುಚಿಕೊಳ್ಳುತ್ತದೆ. ಬಿಚ್ಚಿದ್ದನ್ನು ರಾತ್ರಿಯಿಡೀ ತೂಗುಹಾಕಿದರೆ ಸಣ್ಣ ಸುಕ್ಕುಗಳು ತಾವೇ ಇಳಿಯುತ್ತವೆ. ಮರುದಿನ ಬೇರೆ ಟೈ. ಹೆಣೆದ ಟೈಯನ್ನು ಮಾತ್ರ ತೂಗುಹಾಕಬಾರದು, ತನ್ನ ಭಾರಕ್ಕೇ ಉದ್ದವಾಗಿಬಿಡುತ್ತದೆ. ಅದನ್ನು ಸಡಿಲವಾಗಿ ಸುತ್ತಿಡಬೇಕು.

ಇಸ್ತ್ರಿಯ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಒಳ್ಳೆಯ ಟೈಯ ಅಂಚು ಚೂಪಾಗಿರುವುದಿಲ್ಲ, ದುಂಡಗೆ ಮಗುಚಿಕೊಂಡಿರುತ್ತದೆ. ಕಾದ ಪೆಟ್ಟಿಗೆ ಒತ್ತಿದ ಕೂಡಲೇ ಆ ದುಂಡುತನ ಚಪ್ಪಟೆಯಾಗುತ್ತದೆ, ಒಳಗಿನ ಮಡಿಕೆಯ ಗೆರೆ ಮುಂಭಾಗದಲ್ಲಿ ಮೂಡುತ್ತದೆ. ಸುಕ್ಕಿಗೆ ಹಬೆಯೊಂದೇ ಸಾಕು, ಅದೂ ಪೆಟ್ಟಿಗೆ ಬಟ್ಟೆಗೆ ತಾಗದಷ್ಟು ದೂರದಿಂದ. ಹಬೆಗೆ ಉಣ್ಣೆ ಉಬ್ಬಿಕೊಂಡು ರೇಷ್ಮೆಯನ್ನು ಒಳಗಿಂದಲೇ ಎತ್ತಿ ಕೊಡುತ್ತದೆ. ಡ್ರೈ ಕ್ಲೀನಿಂಗಿಗೆ ಕೊಡುವಾಗಲೂ ಒತ್ತಿ ಇಸ್ತ್ರಿ ಮಾಡಬೇಡಿ ಎಂದು ಹೇಳಿಯೇ ಕೊಡಬೇಕು.

ಇನ್ನು ಕಲೆ. ನಮ್ಮಲ್ಲಿ ಟೈಗೆ ಕಂಟಕ ಬರುವುದು ಕಚೇರಿಯಲ್ಲಲ್ಲ, ಆರತಕ್ಷತೆಯ ಊಟದಲ್ಲಿ. ತೊಟ್ಟು ಬಿದ್ದೊಡನೆ ಕೈ ನೀರಿನ ಲೋಟದತ್ತ ಹೋಗುತ್ತದೆ. ಅದೇ ತಪ್ಪು: ಒದ್ದೆಯಾದ ರೇಷ್ಮೆಯಲ್ಲಿ ನೀರಿನದೇ ಒಂದು ಉಂಗುರ ಉಳಿಯಬಹುದು, ಉಜ್ಜಿದರೆ ಹೊಳಪೂ ಹೋಗುತ್ತದೆ. ಒಣ ಬಿಳಿ ಬಟ್ಟೆಯನ್ನು ಮೆಲ್ಲಗೆ ಒತ್ತಿ ತೇವ ಹೀರಿಸಬೇಕು, ಅಷ್ಟೇ. ತುಪ್ಪವೋ ಎಣ್ಣೆಯೋ ಆದರೆ ಮನೆಗೆ ಬಂದು ಕಲೆಯ ಮೇಲೆ ಟಾಲ್ಕಮ್ ಪೌಡರ್ ಅಥವಾ ಕಾರ್ನ್‌ಫ್ಲೋರ್ ಉದುರಿಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ಮೃದುವಾದ ಬ್ರಷ್ಷಿನಲ್ಲಿ ಕೊಡವಿ. ಹಳೆಯ ಕಲೆಗೂ ಅರಿಸಿನಕ್ಕೂ ಮನೆಯ ಪ್ರಯೋಗ ಬೇಡ. ಪಳಗಿದ ಕೈಗೆ ಒಪ್ಪಿಸುವುದು ಲೇಸು.

ಇದೆಲ್ಲ ರೇಷ್ಮೆ ಸೀರೆ ಇರುವ ಮನೆಗೆ ಹೊಸದೇನಲ್ಲ. ಉಟ್ಟ ಸೀರೆಯನ್ನು ನೆರಳಲ್ಲಿ ಗಾಳಿಗೆ ಹರವುವುದು, ಆಗಾಗ ಮಡಿಕೆ ಬದಲಿಸುವುದು, ಸುಮ್ಮಸುಮ್ಮನೆ ನೀರಿಗೆ ಹಾಕದಿರುವುದು ಗೊತ್ತಿರುವ ಅಜ್ಜಿಗೆ ಟೈ ಕಟ್ಟಲು ಬಾರದಿರಬಹುದು, ಕಾಪಾಡಲು ಬರುತ್ತದೆ. ಅವಳನ್ನು ಕೇಳಿದರೆ ಇನ್ನೂ ಒಂದು ಉಪಾಯ ಹೇಳಿಯಾಳು: ಬಾಳೆಲೆಯ ಮುಂದೆ ಕೂರುವ ಮೊದಲು ಮದುಮಗ ಟೈ ಬಿಚ್ಚಿ ಅವಳ ಕೈಗೆ ಕೊಡಲಿ.