ಒಲೆಯ ಮುಂದೆ ಕಲಿತ ಪತ್ತೇದಾರಿಕೆ

ಪತ್ತೇದಾರಿ ಕಾದಂಬರಿಯನ್ನು ನಮ್ಮ ವಿಮರ್ಶಕರು ಸಾಹಿತ್ಯದ ಪಂಕ್ತಿಯಲ್ಲಿ ಕೂರಿಸಿಕೊಂಡದ್ದು ಕಡಿಮೆ. ಅಡುಗೆ ಪುಸ್ತಕವನ್ನಂತೂ ಪಂಕ್ತಿಯ ಹತ್ತಿರಕ್ಕೂ ಬಿಟ್ಟುಕೊಂಡಿಲ್ಲ. ಹೀಗಿರುವಾಗ ಅಡುಗೆಯ ಮೇಲಿನ ಪ್ರೀತಿ ಹಿಡಿದು ಬರವಣಿಗೆಗೆ ಬಂದ ಒಬ್ಬ ರೋಚಕ ಕಾದಂಬರಿಕಾರನ ಬಗ್ಗೆ ಬರೆಯಹೊರಟರೆ ಎರಡೆರಡು ಸಲ ಕ್ಷಮೆ ಕೇಳಬೇಕಾದೀತು. ನಾವು ಕೇಳುವುದಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದಂಥ ಊರುಗಳಲ್ಲಿ ಓದುವ ಚಟ ಹಿಡಿಸಿದ್ದು ಮಹಾಕಾವ್ಯಗಳಲ್ಲ, ಕೈಯಿಂದ ಕೈಗೆ ದಾಟಿ ರಟ್ಟು ಹರಿದುಹೋದ ಪತ್ತೇದಾರಿ ಪುಸ್ತಕಗಳು. ಆ ಋಣ ನಮ್ಮ ಮೇಲಿದೆ.

ನಾವು ಹೇಳುತ್ತಿರುವ ಲೇಖಕ ಲೆನ್ ಡೈಟನ್. 1929ರಲ್ಲಿ ಲಂಡನ್ನಿನಲ್ಲಿ ಹುಟ್ಟಿದವರು. ತಂದೆ ಒಬ್ಬ ದೊಡ್ಡ ಮನುಷ್ಯರ ಕಾರು ಓಡಿಸುತ್ತಿದ್ದರು. ತಾಯಿ ಉಳ್ಳವರ ಮನೆಗಳಿಗೆ ಹೋಗಿ ಅಡುಗೆ ಮಾಡುತ್ತಿದ್ದರು. ಮಗ ಚಿತ್ರಕಲೆ ಓದಿದ. ಓದುವ ದಿನಗಳಲ್ಲಿ ದೊಡ್ಡ ಅಡುಗೆಮನೆಗಳಲ್ಲಿ ಕೂಲಿಗೂ ದುಡಿದ. ಅಡುಗೆ ಪುಸ್ತಕಗಳು ದುಬಾರಿ, ಎಣ್ಣೆಕೈ ತಾಗಿಸಿದರೆ ಹಾಳು. ಆದ್ದರಿಂದ ಬೇಕಾದ ಪಾಕವನ್ನು ಒಂದು ಹಾಳೆಯ ಮೇಲೆ ಚಿತ್ರವಾಗಿ ಬರೆದು ಒಲೆಯ ಹತ್ತಿರ ಅಂಟಿಸಿಕೊಳ್ಳುತ್ತಿದ್ದ. ಆ ಹಾಳೆಗಳೇ 1962ರಿಂದ ಕೆಲವು ವರ್ಷ ಲಂಡನ್ನಿನ 'ಅಬ್ಸರ್ವರ್' ಪತ್ರಿಕೆಯಲ್ಲಿ ವಾರವಾರವೂ ಅಡುಗೆಯ ಚಿತ್ರಪಟ್ಟಿಗಳಾಗಿ ಬಂದವು. ಅದೇ ವರ್ಷ ಅವರ ಮೊದಲ ಕಾದಂಬರಿ 'ದಿ ಇಪ್‌ಕ್ರೆಸ್ ಫೈಲ್' ಕೂಡ ಹೊರಬಂತು. 1965ರಲ್ಲಿ ಅಡುಗೆಯ ಪುಸ್ತಕವೂ ಬಂತು, ಕಾದಂಬರಿ ಸಿನಿಮಾವೂ ಆಯಿತು. ಗೂಢಚಾರಿ ಕಾದಂಬರಿ ಬೇರೆ, ಪತ್ತೇದಾರಿ ಬೇರೆ ಎಂದು ಯಾರಾದರೂ ತಕರಾರು ತೆಗೆದರೆ, ಅವು ಒಂದೇ ಮನೆಯ ದಾಯಾದಿಗಳು ಎನ್ನುತ್ತೇವೆ.

ಆ ಚಿತ್ರಪಟ್ಟಿಯನ್ನು ಗಮನಿಸಿದವರಿಗೆ ಕಾದಂಬರಿಯ ಹೊಲಿಗೆ ಎಲ್ಲಿಂದ ಬಂತೆಂಬುದು ತಿಳಿಯುತ್ತದೆ. ಅಲ್ಲಿ ಹೊಗಳಿಕೆಯಿಲ್ಲ, ರುಚಿಯ ವರ್ಣನೆಯಿಲ್ಲ. ಚಾಕು, ಬಾಣಲೆ, ಬೆಣ್ಣೆಯ ತೂಕ, ಬಾಣದ ಗುರುತು, ಎಷ್ಟು ಹೊತ್ತು, ಅಷ್ಟೆ. ಯಾವುದರ ನಂತರ ಯಾವುದು ಎಂಬುದು ತಪ್ಪಿದರೆ ಪದಾರ್ಥ ಕೆಟ್ಟಿತು. ರಹಸ್ಯದ ಕತೆಯೂ ಹೀಗೇ ಅಲ್ಲವೆ? ಯಾವ ಸಂಗತಿಯನ್ನು ಯಾವಾಗ ಬಾಣಲೆಗೆ ಹಾಕಬೇಕು, ಯಾವುದನ್ನು ಮುಚ್ಚಿಡಬೇಕು ಎಂಬ ಲೆಕ್ಕದಲ್ಲೇ ಅದರ ಪ್ರಾಣ. ಡೈಟನ್‌ರ ಮೊದಲ ಕಾದಂಬರಿಯಲ್ಲಿ ಅಡಿಟಿಪ್ಪಣಿಗಳಿವೆ, ಅನುಬಂಧಗಳಿವೆ. ಕತೆ ಹೇಳುವವನಿಗೆ ಹೆಸರೇ ಇಲ್ಲ. ಅವನೊಬ್ಬ ಸಂಬಳದ ನೌಕರ, ಬಾಕಿ ಭತ್ಯಕ್ಕಾಗಿ ಕಚೇರಿಯ ಜೊತೆ ಗುದ್ದಾಡುವವನು, ಚೆನ್ನಾಗಿ ಅಡುಗೆ ಬಲ್ಲವನು. ಸಿನಿಮಾದಲ್ಲಿ ಆ ಪಾತ್ರ ಮಾಡಿದ ಮೈಕೇಲ್ ಕೇನ್‌ಗೆ ಒಂದೇ ಕೈಯಲ್ಲಿ ಮೊಟ್ಟೆ ಒಡೆಯಲು ಬರಲಿಲ್ಲ. ಪರದೆಯ ಮೇಲೆ ಕಾಣುವ ಆ ಕೈ ಲೇಖಕನದೇ. ಬಂದೂಕು ಹಿಡಿಯುವ ನಾಯಕನಿಗೆ ಮೊಟ್ಟೆ ಒಡೆಯುವ ಕೈಯನ್ನು ಎರವಲು ಕೊಟ್ಟ ಕಾದಂಬರಿಕಾರ ಇನ್ನೊಬ್ಬನಿರಲಾರ.

ಆದರೆ ನಮಗೆ ಇದಕ್ಕಿಂತ ಮುಖ್ಯವಾಗಿ ಕಾಣುವುದು 1940ರ ಒಂದು ಘಟನೆ. ಡೈಟನ್‌ಗೆ ಆಗ 11 ವರ್ಷ. ತಾಯಿ ಔತಣದ ಅಡುಗೆಗೆ ಹೋಗುತ್ತಿದ್ದ ಮನೆಗಳಲ್ಲಿ ಆನಾ ವೋಲ್ಕಾಫ್ ಎಂಬ ರಷ್ಯಾ ಮೂಲದ ಮಹಿಳೆಯದೂ ಒಂದು. ಆಕೆಯನ್ನು ಬೇಹುಗಾರಿಕೆಯ ಆರೋಪದ ಮೇಲೆ ಹಿಡಿದುಕೊಂಡು ಹೋದದ್ದನ್ನು ಹುಡುಗ ಕಣ್ಣಾರೆ ಕಂಡ. ಅಮೆರಿಕದ ರಾಯಭಾರ ಕಚೇರಿಯ ಗುಮಾಸ್ತನೊಬ್ಬನ ಕೈಯಿಂದ ಚರ್ಚಿಲ್ ಮತ್ತು ರೂಸ್‌ವೆಲ್ಟ್ ನಡುವಿನ ಗುಪ್ತ ಪತ್ರಗಳು ಆಕೆಗೆ ಸಿಕ್ಕಿದ್ದವು. ಆಕೆಗೆ 10 ವರ್ಷ ಶಿಕ್ಷೆಯಾಯಿತು. ತಾನು ಮೊದಲ ಕಾದಂಬರಿಗೇ ಗೂಢಚಾರಿಯ ಕತೆಯನ್ನು ಆರಿಸಿಕೊಳ್ಳಲು ಈ ನೆನಪು ದೊಡ್ಡ ಕಾರಣ ಎಂದು ಡೈಟನ್ ಮುಂದೆ ಹೇಳಿಕೊಂಡಿದ್ದಾರೆ.

ಅಡುಗೆಯವಳು ಎಲ್ಲಿ ನಿಂತಿರುತ್ತಾಳೆ? ಊಟದ ಕೋಣೆಯ ಬಾಗಿಲ ಹಿಂದೆ. ಎಷ್ಟು ಎಲೆ, ಎಷ್ಟು ತಟ್ಟೆ, ಯಾರು ಬಂದರು, ಯಾರು ಉಣ್ಣದೆ ಎದ್ದರು, ಯಾರಿಗಾಗಿ ಸಾರಿಗೆ ಖಾರ ಕಡಿಮೆ ಮಾಡಿಸಿದರು ಎಂಬುದೆಲ್ಲ ಅವಳಿಗೆ ಗೊತ್ತು. ಅವಳನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲವಾದ್ದರಿಂದ ಅವಳ ಮುಂದೆ ಎಲ್ಲರೂ ಎಲ್ಲವನ್ನೂ ಆಡುತ್ತಾರೆ. ಪತ್ತೇದಾರನಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಮಗ ಒಲೆಯ ಮುಂದೆ ನಿಂತಾಗ ಅದು ಕಲೆಯಾಯಿತು, ಪುಸ್ತಕವಾಯಿತು, ಸಿನಿಮಾ ಆಯಿತು. ತಾಯಿ ನಿಂತಾಗ ಅದು ಬರೀ ಸಂಬಳ. ಡೈಟನ್‌ರ ಕಾದಂಬರಿಗಳಲ್ಲಿ ಹೆಂಗಸರು ಇದ್ದಾರೆ, ಆದರೆ ಬಾಗಿಲ ಹಿಂದೆ ನಿಂತು ಎಲ್ಲ ಕಂಡ ಆ ಅಡುಗೆಯಾಕೆ ತನ್ನ ಮಾತಿನಲ್ಲಿ ಕತೆ ಹೇಳುವುದು ನಮಗೆ ಎಲ್ಲೂ ಸಿಗಲಿಲ್ಲ. ಇದು ಅವರ ಬರವಣಿಗೆಯ ಸಣ್ಣ ಕೊರತೆಯಲ್ಲ.

ಈಗ ನಮ್ಮ ಕಡೆಗೆ ಬರೋಣ. ಕನ್ನಡದಲ್ಲಿ ಪತ್ತೇದಾರಿಗೆ ಬಡತನವಿಲ್ಲ. 2011ರಲ್ಲಿ ತೀರಿಕೊಂಡ ಎನ್. ನರಸಿಂಹಯ್ಯನವರೊಬ್ಬರೇ 500ಕ್ಕೂ ಹೆಚ್ಚು ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಹೆಸರು ಒಂದು ಇಡೀ ತಲೆಮಾರಿಗೆ ಗೊತ್ತು. ಟಿ.ಕೆ. ರಾಮರಾವ್ ಇದ್ದರು, 'ಬಂಗಾರದ ಮನುಷ್ಯ' ಅವರದೇ ಎಂದು ಮೆಚ್ಚುವವರು ಅವರ ರಹಸ್ಯದ ಕತೆಗಳನ್ನು ಮರೆತಿರುವುದು ಬೇರೆ ಮಾತು. ಇವರೆಲ್ಲರ ಪುಸ್ತಕಗಳನ್ನು ನಾವು ಓದಿದಷ್ಟರಲ್ಲಿ ಕಂಡದ್ದು: ಪತ್ತೇದಾರ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾನೆ, ಪ್ರವಾಸಿ ಬಂಗಲೆಯಲ್ಲಿ ಉಣ್ಣುತ್ತಾನೆ, ಕಾರು ಹತ್ತುತ್ತಾನೆ. ಯಾರ ಮನೆಯ ಅಡುಗೆಮನೆಗೂ ಸುಲಭವಾಗಿ ಕಾಲಿಡುವುದಿಲ್ಲ.

ಇದು ಮರೆವಲ್ಲ ಎಂಬುದು ನಮ್ಮ ಗುಮಾನಿ. ನಮ್ಮಲ್ಲಿ ಮಡಕೆಯ ಮುಚ್ಚಳ ತೆಗೆದರೆ ಮನೆಯವರ ಜಾತಿ ಹೊರಗೆ ಬರುತ್ತದೆ. ಒಗ್ಗರಣೆಗೆ ಬೆಳ್ಳುಳ್ಳಿ ಬಿತ್ತೋ ಇಂಗು ಬಿತ್ತೋ, ಹಬ್ಬಕ್ಕೆ ಕುರಿಯೋ ಹೋಳಿಗೆಯೋ, ಅಡುಗೆಮನೆಯ ಹೊಸ್ತಿಲು ಯಾರಿಗೆ ಎಲ್ಲಿಯವರೆಗೆ ಎಂದು ಬರೆಯತೊಡಗಿದರೆ ಪಾತ್ರಗಳು ಬರೀ ರಮೇಶ, ಸುರೇಶರಾಗಿ ಉಳಿಯುವುದಿಲ್ಲ. ಎಲ್ಲ ಜಾತಿಯ ಓದುಗರ ಕೈಗೂ ಹೋಗಬೇಕಾದ ಅಗ್ಗದ ಪುಸ್ತಕ ಆ ಬಾಗಿಲನ್ನು ಮುಚ್ಚಿಟ್ಟುಕೊಂಡಿತು. ಮುಸ್ಲಿಮರ ಮನೆಯ ಒಲೆಯಂತೂ ಅಲ್ಲಿ ಉರಿಯಲೇ ಇಲ್ಲ. ಸಾರಾ ಅಬೂಬಕರ್, ಬಾನು ಮುಷ್ತಾಕ್ ಅವರ ಕತೆಗಳು ಬಂದ ಮೇಲೆಯೇ ಕನ್ನಡದ ಓದುಗ ಆ ಹೊಸ್ತಿಲು ದಾಟಿದ್ದು. ಅವು ಪತ್ತೇದಾರಿಯಲ್ಲ, ಆದರೆ ಮನೆಯೊಳಗಿನ ಅಪರಾಧವನ್ನು ಪೊಲೀಸರಿಗಿಂತ ಚೆನ್ನಾಗಿ ಹಿಡಿದುಕೊಟ್ಟವು.

ಹಿಂದೆ ನಾವು ಇಷ್ಟು ಮಡಿಯವರಾಗಿರಲಿಲ್ಲ. 11ನೆಯ ಶತಮಾನದ ಎರಡನೆಯ ಚಾವುಂಡರಾಯನ 'ಲೋಕೋಪಕಾರ' ಒಂದೇ ಗ್ರಂಥದಲ್ಲಿ ಸೂಪಶಾಸ್ತ್ರವನ್ನೂ ವಿಷವೈದ್ಯವನ್ನೂ ಹೇಳುತ್ತದೆ. ಅಡುಗೆಯೂ ವಿಷವೂ ಒಂದೇ ರಟ್ಟಿನೊಳಗೆ! 16ನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಅಡುಗೆಯನ್ನೇ ಕಾವ್ಯ ಮಾಡಿದ. ಇಂಥ ಭಾಷೆಗೆ ಅಡುಗೆಬಲ್ಲ ಕಾದಂಬರಿಕಾರ ಪರದೇಶಿಯಾಗಬೇಕಿಲ್ಲ.

ಶಿಕ್ಷಣ ಇಲಾಖೆ ಒಂದೇ ಶೈಕ್ಷಣಿಕ ಜಿಲ್ಲೆಯಾಗಿ ಕಟ್ಟಿರುವ ಈ ನಾಲ್ಕು ತಾಲೂಕುಗಳನ್ನೇ ನೋಡಿ. ರಾಗಿ, ಹುರುಳಿ, ಹುಣಸೆ, ಕಡಲೆಕಾಯಿ, ಕುರಿ. ಶಿರಾ 1687ರಿಂದ ಮೊಗಲರ ಸುಬಾ ಕೇಂದ್ರವಾಗಿದ್ದ ಊರು. ಅಲ್ಲಿ ಖುಷ್ಕ, ದಾಲ್ಚಾ ಬೇಯಿಸುವ ಮನೆಯಲ್ಲೇ ಮರುದಿನ ಮುದ್ದೆಯೂ ತಿರುವಲ್ಪಡುತ್ತದೆ. ಇಲ್ಲಿನ ಹೆಂಗಸರಿಗೆ ತೂಕದ ಹಾಳೆ ಬೇಕಿಲ್ಲ. ಎಲ್ಲ ಕಣ್ಣಂದಾಜು, ಕೈ ಅಳತೆ. ಕೈರುಚಿ ಎಂಬ ಮಾತು ನಮ್ಮಲ್ಲಿದೆಯಲ್ಲ, ಅದು ಬೆರಳಚ್ಚಿಗಿಂತ ನಂಬಿಕಸ್ತ ಸಾಕ್ಷಿ. ಒಂದು ತುತ್ತು ಬಾಯಿಗಿಟ್ಟು ಇದು ಅತ್ತೆಯ ಕೈಯದಲ್ಲ, ಸೊಸೆಯದು ಎನ್ನುವವರು ನಮ್ಮ ಮನೆಮನೆಯಲ್ಲೂ ಇದ್ದಾರೆ. ರೋಲ್ಡ್ ಡಾಲ್‌ನ 1953ರ ಪ್ರಸಿದ್ಧ ಕತೆಯಲ್ಲಿ ಹೆಂಡತಿ ಕುರಿಯ ತೊಡೆಯಿಂದ ಗಂಡನನ್ನು ಹೊಡೆದು ಕೊಂದು, ಅದನ್ನೇ ಬೇಯಿಸಿ ತನಿಖೆಗೆ ಬಂದ ಪೊಲೀಸರಿಗೆ ಬಡಿಸುತ್ತಾಳೆ. ಕುರಿ ಸೀಮೆಯ ಓದುಗರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ.

ನಮ್ಮ ನಾಡಿನಲ್ಲಿ ಅಡುಗೆಯ ಅಪರಾಧಗಳು ಕತೆಗಿಂತ ಕ್ರೂರವಾಗಿವೆ. 2018ರ ಡಿಸೆಂಬರಿನಲ್ಲಿ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಕೀಟನಾಶಕ ಬೆರೆತ ಪ್ರಸಾದ ಉಂಡು 17 ಜನ ಸತ್ತರು. ಪಾವಗಡದಲ್ಲಿ ಇನ್ನೊಂದು ಬಗೆಯ ವಿಷವಿದೆ. ಇಲ್ಲಿನ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಗಟ್ಟಿಯಾಗುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಮಗುವಿನ ಹಲ್ಲು ಕಂದುಗಟ್ಟುತ್ತದೆ, ದೊಡ್ಡವರ ಮೂಳೆ ಬಾಗುತ್ತದೆ. ಮಳೆ ಹೋಯಿತು, ಕೆರೆ ಹೂಳಿತು, ಬಾವಿ ನೂರಾರು ಅಡಿ ಆಳಕ್ಕಿಳಿಯಿತು, ಕಲ್ಲಿನೊಳಗಿನ ವಿಷ ಪಾತ್ರೆಗೆ ಬಂತು. ಅಪರಾಧಿ ಯಾರು? ಕೆರೆಯ ಹೂಳು ತೆಗೆಯದವರೋ, ಆಳಕ್ಕೆ ಕೊರೆದವರೋ, ನೀರು ಪರೀಕ್ಷಿಸಿ ವರದಿಯನ್ನು ಕಪಾಟಿನಲ್ಲಿಟ್ಟವರೋ? ಪುರುಷೋತ್ತಮ ಕಾರಿನಲ್ಲಿ ಬಂದರೂ ಈ ಕೇಸು ಬಿಡಿಸಲಾರ. ಅದನ್ನು ಮೊದಲು ಗುರುತಿಸಿರುವವಳು, ಬೇಳೆ ಯಾಕೆ ಮೊದಲಿನ ಹಾಗೆ ಬೇಯುತ್ತಿಲ್ಲ, ಪಾತ್ರೆಯ ತಳದಲ್ಲಿ ಬಿಳಿ ಪೊರೆ ಯಾಕೆ ಎಂದು ವರ್ಷಗಳಿಂದ ಕೇಳುತ್ತಿರುವ ಹೆಂಗಸು. ಆ ಗಡಸು ನೀರೂ ಫ್ಲೋರೈಡೂ ಒಂದೇ ಅಲ್ಲವೆಂದು ಎಂಜಿನಿಯರು ತಿದ್ದಿಯಾನು, ನಿಜ. ಆದರೆ ಅನುಮಾನ ಮೊದಲು ಹುಟ್ಟಿದ್ದು ಅವಳ ಒಲೆಯ ಮೇಲೆ. ಅವಳು ಕತೆ ಹೇಳುವ ಕಾದಂಬರಿ ಇನ್ನೂ ನಮ್ಮ ಕೈಗೆ ಬಂದಿಲ್ಲ. ಬಂದರೆ ಅದರ ವಿಮರ್ಶೆಗೆ ಈ ಪುಟಗಳಲ್ಲಿ ಜಾಗ ಮೀಸಲು.