ಇಳಿದ ತೂಕದಲ್ಲಿ ಏನೇನಿತ್ತು?

ತೂಕ ಇಳಿಸಿದವರು ಎದುರು ಸಿಕ್ಕರೆ ನಾವು ಕೇಳುವುದು ಒಂದೇ ಮಾತು: ‘ಎಷ್ಟು ಕೆ.ಜಿ. ಇಳಿಸಿದ್ರಿ?’ ಎಂಟು ಎಂದರೆ ಮೆಚ್ಚುಗೆ, ಹನ್ನೆರಡು ಎಂದರೆ ಅಚ್ಚರಿ, ಮೂರು ಎಂದರೆ ‘ಅಯ್ಯೋ, ಅಷ್ಟೇನಾ’. ಆ ಎಂಟು ಕೆ.ಜಿ.ಯಲ್ಲಿ ಕೊಬ್ಬೆಷ್ಟು, ಸ್ನಾಯುವೆಷ್ಟು, ಮೂಳೆಯಿಂದ ಹೋದದ್ದೆಷ್ಟು ಎಂದು ಕೇಳಿದವರನ್ನು ನಾನಂತೂ ಕಂಡಿಲ್ಲ. ಸ್ಲಿಮ್ಮಿಂಗ್ ಸೆಂಟರಿನ ಜಾಹೀರಾತಿನಲ್ಲಿ ಅಕ್ಕಪಕ್ಕ ಅಂಟಿಸಿದ ಎರಡು ಫೋಟೊಗಳಲ್ಲೂ ಅದು ಕಾಣುವುದಿಲ್ಲ. ಸೊಂಟದ ಸುತ್ತಳತೆ ಕಾಣುತ್ತದೆ, ಸೊಂಟದ ಮೂಳೆ ಕಾಣುವುದಿಲ್ಲ. ನಮ್ಮ ಡಯೆಟ್ ಪದ್ಧತಿಯ ದೊಡ್ಡ ದೋಷ ಈ ಕೇಳದ ಪ್ರಶ್ನೆಯಲ್ಲೇ ಇದೆ. ಅದಕ್ಕೆ ಪರಿಹಾರವೆಂದು ಈಗ ಮೆಡಿಕಲ್ ಶಾಪುಗಳಲ್ಲಿ ಸಾಲಾಗಿ ಕೂತಿರುವ ಪ್ರೋಟೀನ್ ಡಬ್ಬಿಗಳು ಅರ್ಧ ಉತ್ತರವನ್ನಷ್ಟೇ ಕೊಡುತ್ತವೆ.

ಹೀಗೆ ಹೇಳಲು ನನಗೆ ಆಧಾರವಾಗಿರುವುದು ಮುಖ್ಯವಾಗಿ ಎರಡು ಅಧ್ಯಯನಗಳು. ಮೊದಲನೆಯದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಡೆನ್ನಿಸ್ ವಿಲ್ಲಾರಿಯಲ್ ಮತ್ತು ಸಂಗಡಿಗರು ನಡೆಸಿದ್ದು. 2011ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. 65 ದಾಟಿದ, ಬೊಜ್ಜಿರುವ 107 ಜನರನ್ನು ನಾಲ್ಕು ಗುಂಪು ಮಾಡಿ ಒಂದು ವರ್ಷ ಗಮನಿಸಿದರು. ಒಂದು ಗುಂಪಿಗೆ ಡಯೆಟ್ ಮಾತ್ರ, ಇನ್ನೊಂದಕ್ಕೆ ವ್ಯಾಯಾಮ ಮಾತ್ರ, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಯಾವುದೂ ಇಲ್ಲ. ಡಯೆಟ್ ಗುಂಪಿನವರ ತೂಕ ಶೇ 10ರಷ್ಟು ಇಳಿಯಿತು, ಎರಡೂ ಮಾಡಿದವರದ್ದು ಶೇ 9ರಷ್ಟು. ತೂಕದ ಯಂತ್ರವನ್ನೇ ನಂಬಿದರೆ ಡಯೆಟ್ ಗುಂಪೇ ಗೆದ್ದಿತು. ಆದರೆ ಆ ಗೆದ್ದವರಲ್ಲಿ ಸ್ನಾಯು ಮತ್ತಿತರ ಕೊಬ್ಬಲ್ಲದ ಭಾಗ ಶೇ 5 ಕರಗಿತ್ತು, ಸೊಂಟದ ಮೂಳೆಯ ಸಾಂದ್ರತೆ ಶೇ 3 ಕುಸಿದಿತ್ತು. ಎರಡೂ ಮಾಡಿದವರಲ್ಲಿ ಇದೇ ನಷ್ಟ ಕ್ರಮವಾಗಿ ಶೇ 3 ಮತ್ತು ಶೇ 1. ಕುರ್ಚಿಯಿಂದ ಏಳುವುದು, ಮೆಟ್ಟಿಲು ಹತ್ತುವುದು, ಕೋಟು ತೊಟ್ಟು ಬಿಚ್ಚುವುದು, ನೆಲದ ಮೇಲಿನ ನಾಣ್ಯ ಹೆಕ್ಕುವುದು ಇಂಥ ದಿನನಿತ್ಯದ ಕೆಲಸಗಳ ಪರೀಕ್ಷೆಯಲ್ಲಿ ಡಯೆಟ್‌ನವರ ಅಂಕ ಶೇ 12 ಏರಿದರೆ, ಎರಡೂ ಮಾಡಿದವರದ್ದು ಶೇ 21 ಏರಿತು.

ನಮ್ಮ ಓದುಗರು ಇನ್ನಷ್ಟು ಗಮನಿಸಬೇಕಾದದ್ದು ಎರಡನೆಯದನ್ನು. 2017ರಲ್ಲಿ ಅದೇ ವಿಲ್ಲಾರಿಯಲ್ ನೇತೃತ್ವದಲ್ಲಿ 160 ವೃದ್ಧರ ಮೇಲೆ ನಡೆದ ಪ್ರಯೋಗ ಪ್ರಕಟವಾಯಿತು. ಈ ಸಲ ಕೇಳಿದ್ದು ಯಾವ ವ್ಯಾಯಾಮ ಎಂದು. ಡಯೆಟ್ ಜೊತೆ ಏದುಸಿರು ತರಿಸುವ ಏರೋಬಿಕ್ ವ್ಯಾಯಾಮ ಮಾತ್ರ ಮಾಡಿದವರಲ್ಲಿ ಸೊಂಟದ ಮೂಳೆ ಸಾಂದ್ರತೆ ಮತ್ತೆ ಶೇ 3 ಇಳಿಯಿತು, ಕೊಬ್ಬಲ್ಲದ ಭಾಗ ಶೇ 5. ಭಾರ ಎತ್ತಿದವರಲ್ಲಿ ಮೂಳೆ ಇಳಿದದ್ದು ಶೇ 0.5 ಮಾತ್ರ, ಕೊಬ್ಬಲ್ಲದ ಭಾಗ ಶೇ 2. ಅಂದರೆ ಮೂಳೆಯ ಲೆಕ್ಕದಲ್ಲಿ ಏರೋಬಿಕ್ ಮಾಡಿದವರೂ, 2011ರಲ್ಲಿ ಏನೂ ವ್ಯಾಯಾಮ ಮಾಡದೆ ಡಯೆಟ್ ಮಾಡಿದವರೂ ಹೆಚ್ಚುಕಮ್ಮಿ ಒಂದೇ ಕಡೆ ಬಂದು ನಿಂತರು. ಬೆಳಗಾದರೆ ಲಾಲ್‌ಬಾಗ್‌ನಲ್ಲೋ ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ ಬಿರುಸಾಗಿ ನಡೆಯುವ ಹಿರಿಯರಿಗೆ ಇದು ಕಹಿ ಸುದ್ದಿ. ನಡಿಗೆ ಹೃದಯಕ್ಕೆ ಒಳ್ಳೆಯದು, ಸಕ್ಕರೆ ಕಾಯಿಲೆಗೂ ಒಳ್ಳೆಯದು, ಹರಟೆಗಂತೂ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಆದರೆ ಊಟ ಕಡಿಮೆ ಮಾಡಿ ಬರೀ ನಡೆಯುವವರು ಮೂಳೆಯನ್ನು ಉಳಿಸಿಕೊಳ್ಳುತ್ತಿದ್ದೇವೆಂದು ತಿಳಿದುಕೊಂಡಿದ್ದರೆ ಅದಕ್ಕೆ ಆಧಾರವಿಲ್ಲ.

ಇಲ್ಲಿ ಪ್ರೋಟೀನ್ ಎಲ್ಲಿ ಬಂತು? ಈ ಪ್ರಯೋಗಗಳಲ್ಲಿ ಡಯೆಟ್ ಮಾಡಿದ ಎಲ್ಲರಿಗೂ ದಿನಕ್ಕೆ ದೇಹತೂಕದ ಪ್ರತಿ ಕೆ.ಜಿ.ಗೆ ಸುಮಾರು ಒಂದು ಗ್ರಾಂ ಉತ್ತಮ ಪ್ರೋಟೀನ್ ಸಿಗುತ್ತಿತ್ತು. ಕ್ಯಾಲ್ಸಿಯಂ, ವಿಟಮಿನ್ ಡಿ ಕೂಡ ಕೊಟ್ಟಿದ್ದರು. ಅಷ್ಟಿದ್ದೂ ಭಾರ ಎತ್ತದವರ ಮೂಳೆ ಶೇ 3 ಹೋಯಿತು. ಹಾಗೆಂದು ಪ್ರೋಟೀನ್ ನಿರರ್ಥಕ ಎನ್ನಲಾಗದು. ಕಡಿಮೆ ಪ್ರೋಟೀನ್ ತಿಂದವರನ್ನು ಅವರು ಹೋಲಿಸಿ ನೋಡಿರಲಿಲ್ಲ. ಹೋಲಿಸಿ ನೋಡಿದವರು ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದವರು. ಮುಟ್ಟು ನಿಂತ ಮಹಿಳೆಯರು ಒಂದು ವರ್ಷ ತೂಕ ಇಳಿಸುವಾಗ ದಿನಕ್ಕೆ 86 ಗ್ರಾಂ ಪ್ರೋಟೀನ್ ತಿಂದವರಲ್ಲಿ, 60 ಗ್ರಾಂ ತಿಂದವರಿಗಿಂತ ಮೂಳೆ ನಷ್ಟ ಕಡಿಮೆ ಎಂದು 2011ರಲ್ಲಿ ತೋರಿಸಿದರು. ಕಡಿಮೆಯಾಯಿತು, ನಿಲ್ಲಲಿಲ್ಲ. ಪ್ರೋಟೀನ್ ಹೆಚ್ಚು ತಿಂದರೆ ರಕ್ತ ಆಮ್ಲೀಯವಾಗಿ ಮೂಳೆಯ ಕ್ಯಾಲ್ಸಿಯಂ ಕರಗಿ ಮೂತ್ರದಲ್ಲಿ ಹೋಗುತ್ತದೆ ಎಂಬ ಹಳೆಯ ಹೆದರಿಕೆಯೂ ಈಗ ಉಳಿದಿಲ್ಲ. ಪ್ರೋಟೀನ್ ಸಾಕಷ್ಟಿದ್ದಾಗ ಕರುಳು ಕ್ಯಾಲ್ಸಿಯಂ ಹೀರುವುದೂ ಹೆಚ್ಚುತ್ತದೆ.

ಭಾರತೀಯರಿಗೆ ಈ ಮಾತು ಯಾಕೆ ಹೆಚ್ಚು ತಾಗುತ್ತದೆ ಎಂಬುದನ್ನು ಪುಣೆಯ ಡಾ. ಸಿ. ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಒಂದೇ ಫೋಟೊದಲ್ಲಿ ತೋರಿಸಿಬಿಟ್ಟರು. ಅಕ್ಕಪಕ್ಕ ನಿಂತ ಇಬ್ಬರ ಬಿಎಂಐ ಕೂಡ 22.3. ದೇಹದ ಕೊಬ್ಬು ಮಾತ್ರ ಯುಡ್ಕಿನ್‌ರಲ್ಲಿ ಶೇ 9.1, ಯಾಜ್ಞಿಕ್‌ರಲ್ಲಿ ಶೇ 21.2. ಅಷ್ಟೇ ತೂಕಕ್ಕೆ ನಮ್ಮಲ್ಲಿ ಸ್ನಾಯು ಮೊದಲೇ ಕಡಿಮೆ. ಇರುವುದೇ ಕಡಿಮೆ ಇರುವವರು ಅದನ್ನೇ ಕರಗಿಸಿಕೊಂಡರೆ ಮುಂದೆ ಕಷ್ಟ. ಡಯೆಟ್ ಬಿಟ್ಟ ಮೇಲೆ ತೂಕ ವಾಪಸು ಬರುವುದು ಸಾಮಾನ್ಯ, ಬರುವಾಗ ಹೆಚ್ಚಿನ ಪಾಲು ಕೊಬ್ಬಾಗಿಯೇ ಬರುತ್ತದೆ.

ಈಗ ನಮ್ಮ ತಟ್ಟೆಗೆ ಬರೋಣ. ನಮ್ಮ ಕಡೆ ‘ಡಯೆಟ್ ಶುರು ಮಾಡಿದೀನಿ’ ಎಂದರೆ ಏನು ನಡೆಯುತ್ತದೆಂದು ಎಲ್ಲರಿಗೂ ಗೊತ್ತು. ಬೆಳಿಗ್ಗೆ ಜೀರಿಗೆ ನೀರು, ಒಂದು ಕಾಫಿ, ಒಂದು ಬಟ್ಟಲು ಪಪ್ಪಾಯ. ಮಧ್ಯಾಹ್ನ ಅನ್ನ ಬಿಟ್ಟು ಎರಡು ಚಪಾತಿ, ತಿಳಿಸಾರು, ಸೌತೆಕಾಯಿ, ಒಂದು ಲೋಟ ನೀರು ಮಜ್ಜಿಗೆ. ಸಂಜೆ ಗ್ರೀನ್ ಟೀ. ರಾತ್ರಿ ರಾಗಿ ಅಂಬಲಿ, ಅಷ್ಟೇ. ಲೆಕ್ಕ ಹಾಕಿ ನೋಡಿ: ಚಪಾತಿಯಿಂದ ಆರು ಗ್ರಾಂ, ಸಾರಿನ ತಳದಲ್ಲಿರುವ ಬೇಳೆಯಿಂದ ಎರಡೋ ಮೂರೋ, ಅಂಬಲಿಯಿಂದ ಮೂರು, ಮಜ್ಜಿಗೆ ಮತ್ತು ಕಾಫಿಯ ಹಾಲಿನಿಂದ ಇನ್ನೊಂದೈದು. ಇಪ್ಪತ್ತು ಗ್ರಾಂ ದಾಟುವುದೇ ಕಷ್ಟ. 70 ಕೆ.ಜಿ. ತೂಗುವ ಹೆಂಗಸಿಗೆ ಬೇಕಾದದ್ದು ಅದರ ಮೂರು ಪಟ್ಟಿಗಿಂತ ಹೆಚ್ಚು. ಅನ್ನದ ಬದಲು ಚಪಾತಿ ಎಂಬ ಬದಲಾವಣೆಯಿಂದ ಒಂದೆರಡು ಗ್ರಾಂ ಲಾಭ ನಿಜ, ಆದರೆ ಅನ್ನದ ಜೊತೆಗೇ ಅದಕ್ಕೆ ಕಲಸಿಕೊಳ್ಳುತ್ತಿದ್ದ ಹುಳಿ, ಗಟ್ಟಿ ತೊವ್ವೆ, ಮೊಸರು ಕೂಡ ತಟ್ಟೆಯಿಂದ ಎದ್ದು ಹೋದವು ಎಂಬುದನ್ನು ಯಾರೂ ಗಮನಿಸಲಿಲ್ಲ.

ರಾಗಿಯ ಬಗ್ಗೆ ಎರಡು ಮಾತು ಹೇಳಲೇಬೇಕು, ಬೈಸಿಕೊಂಡರೂ ಸರಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಧಾನ್ಯಗಳಲ್ಲಿ ಅದಕ್ಕೆ ಸಾಟಿಯಿಲ್ಲ. ಪ್ರೋಟೀನ್ ಮಾತ್ರ ಏಳು ಗ್ರಾಂ, ಗೋಧಿಗಿಂತ ಕಡಿಮೆ. ಮುದ್ದೆ ತಿಂದರೆ ಬಲ ಬರುತ್ತದೆ ಎಂಬ ಮಾತು ಸುಳ್ಳಲ್ಲ, ಆದರೆ ಆ ಮಾತು ಹುಟ್ಟಿದ ಕಾಲದಲ್ಲಿ ಮುದ್ದೆಯ ಪಕ್ಕದಲ್ಲಿ ಹುರುಳಿ, ಅವರೆ, ಅಲಸಂದೆ ಇದ್ದವು. ಆ ಮುದ್ದೆ ತಿಂದವರು ದಿನವಿಡೀ ಹೊಲದಲ್ಲಿ ಭಾರ ಹೊರುತ್ತಿದ್ದರು. ಅಂಬಲಿ ಕುಡಿದು ಸೋಫಾದಲ್ಲಿ ಕೂರುವವರಿಗೆ ಆ ಮಾತು ಅನ್ವಯಿಸುವುದಿಲ್ಲ.

ಧಾನ್ಯದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ, ಬೇಳೆಕಾಳಿನಲ್ಲಿ ಅದು ಧಾರಾಳ. ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 12 ಮಿಲಿಗ್ರಾಂ ಲೈಸಿನ್ ಸಾಕೆಂದು 1985ರಲ್ಲಿ ಹೇಳಿದ್ದ ವಿಶ್ವಸಂಸ್ಥೆಯ ತಜ್ಞರು 2007ರ ವರದಿಯಲ್ಲಿ ಅದನ್ನು 30ಕ್ಕೆ ಏರಿಸಿದರು. ಈ ತಿದ್ದುಪಡಿಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್‌ನ ಡಾ. ಅನುರ ಕುರ್ಪಾಡ್ ಮತ್ತು ಸಹೋದ್ಯೋಗಿಗಳು ಭಾರತೀಯರ ಮೇಲೆ ನಡೆಸಿದ ಸಂಶೋಧನೆಯ ಪಾಲು ದೊಡ್ಡದು. ನಮ್ಮೂರಲ್ಲೇ ಆದ ಇಷ್ಟು ಒಳ್ಳೆಯ ಕೆಲಸ ನಮ್ಮ ಡಯೆಟ್ ಚೀಟಿಗಳಿಗೆ ಇನ್ನೂ ತಲುಪಿಲ್ಲ ಎಂಬುದು ನನ್ನ ದೂರು. ಚೀಟಿ ಬರೆಯುವವರು ಮಾಡುವ ಇನ್ನೊಂದು ತಪ್ಪು ಶೇಕಡಾವಾರು ಲೆಕ್ಕದ್ದು. ಆಹಾರದಲ್ಲಿ ಶೇ 15 ಪ್ರೋಟೀನ್ ಇರಲಿ ಎಂಬುದು ಎರಡು ಸಾವಿರ ಕ್ಯಾಲೊರಿ ತಿನ್ನುವವರಿಗೆ 75 ಗ್ರಾಂ ಕೊಡುತ್ತದೆ, ಸರಿ. ಅದೇ ಶೇ 15ನ್ನು 1,200 ಕ್ಯಾಲೊರಿಗೆ ಅನ್ವಯಿಸಿದರೆ ಸಿಗುವುದು 45. ಊಟ ಕುಗ್ಗಿದಾಗ ಪ್ರೋಟೀನಿನ ಪಾಲು ಹಿಗ್ಗಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವ ಪ್ರತಿ ಕೆ.ಜಿ.ಗೆ 0.83 ಗ್ರಾಂ ಎಂಬುದು ತೂಕ ಸ್ಥಿರವಾಗಿರುವ ಆರೋಗ್ಯವಂತರಿಗೆ ಹೇಳಿದ್ದು, ಅರೆಹೊಟ್ಟೆಯಲ್ಲಿರುವ ಅರುವತ್ತೈದರ ಅಜ್ಜಿಗಲ್ಲ.

ಇಷ್ಟಾದರೆ ಡಬ್ಬಿ ಕೊಂಡರಾಯಿತಲ್ಲ ಎನ್ನಬಹುದು. ಡಬ್ಬಿಗೊಂದು ಚರಿತ್ರೆಯಿದೆ. 1976ರಲ್ಲಿ ಅಮೆರಿಕದ ವೈದ್ಯ ರಾಬರ್ಟ್ ಲಿನ್ ‘ದಿ ಲಾಸ್ಟ್ ಚಾನ್ಸ್ ಡಯೆಟ್’ ಎಂಬ ಪುಸ್ತಕ ಬರೆದ. ಊಟವನ್ನೆಲ್ಲ ಬಿಟ್ಟು ದ್ರವ ಪ್ರೋಟೀನ್ ಒಂದನ್ನೇ ಕುಡಿದು ಬದುಕುವ ವಿಧಾನ. ದನದ ಚರ್ಮ, ಸ್ನಾಯುರಜ್ಜುಗಳಿಂದ ತೆಗೆದ ಕೊಲಾಜನ್ ಅದರ ಮೂಲ ವಸ್ತು. ಪುಸ್ತಕ ಲಕ್ಷಗಟ್ಟಲೆ ಮಾರಾಟವಾಯಿತು. ಮುಂದಿನ ಒಂದೆರಡು ವರ್ಷಗಳಲ್ಲಿ ಇಂಥ ಡಯೆಟ್ ಮಾಡಿದ ಸುಮಾರು ಅರುವತ್ತು ಜನ ಸತ್ತದ್ದು ವರದಿಯಾಯಿತು, ಅವರಲ್ಲಿ ಹಲವರು ಹೃದಯದ ಬಡಿತ ಏರುಪೇರಾಗಿ. ಕೊಲಾಜನ್‌ನಲ್ಲಿ ಟ್ರಿಪ್ಟೊಫಾನ್ ಎಂಬ ಅತ್ಯಗತ್ಯ ಅಮೈನೊ ಆಮ್ಲ ಇಲ್ಲವೇ ಇಲ್ಲ. ಇವತ್ತಿನ ವೇ ಪ್ರೋಟೀನ್ ಪುಡಿ ಆ ಜಾತಿಯದ್ದಲ್ಲ, ಹಾಲಿನಿಂದ ಬಂದದ್ದು, ಗುಣದಲ್ಲಿ ಉತ್ತಮ. ತೂಕಕ್ಕೂ ಮೂಳೆಗೂ ಚರ್ಮಕ್ಕೂ ಒಟ್ಟಿಗೇ ಒಳ್ಳೆಯದೆಂದು ಮಾರುವ ಕೊಲಾಜನ್ ಪುಡಿಯ ಬಗ್ಗೆ ಮಾತ್ರ ನನಗೆ ಗೌರವವಿಲ್ಲ.

ಪುಡಿಯಿಲ್ಲದೆಯೂ ಲೆಕ್ಕ ಸರಿದೂಗುತ್ತದೆ. ಎರಡು ಮೊಟ್ಟೆ, ಒಂದು ಬಟ್ಟಲು ಹುರುಳಿಕಾಳಿನ ಉಸಲಿ, ನೀರಾಗದ ತೊವ್ವೆ, ಇನ್ನೂರು ಗ್ರಾಂ ಮೊಸರು, 30 ಗ್ರಾಂ ಸೋಯಾ ಚಂಕ್ಸ್ ಸೇರಿದರೆ ಐವತ್ತು ದಾಟುತ್ತದೆ. ಉಳಿದದ್ದು ಧಾನ್ಯದಿಂದ ಬರುತ್ತದೆ. ಮಾಂಸ, ಮೀನು ತಿನ್ನುವವರಿಗೆ ಇದು ಇನ್ನೂ ಸುಲಭ. ಬಸ್ಸಾರು ಮಾಡುವ ಮನೆಯಲ್ಲಿ ಡಯೆಟ್ ಮಾಡುವವರಿಗೆ ಕಟ್ಟಿನ ಸಾರು ಮಾತ್ರ ಬಡಿಸಿ ಕಾಳಿನ ಪಲ್ಯವನ್ನು ಮಕ್ಕಳಿಗೆ ಎತ್ತಿಡುವುದುಂಟು. ಅದನ್ನು ತಿರುಗಿಸಬೇಕು.

ಪ್ರೋಟೀನನ್ನು ಹೊಗಳುವವರು ಮರೆಮಾಚುವ ಒಂದು ಫಲಿತಾಂಶವೂ ಇದೆ. 2016ರಲ್ಲಿ ಸೇಂಟ್ ಲೂಯಿಸ್‌ನಲ್ಲೇ ಮುಟ್ಟು ನಿಂತ ಮಹಿಳೆಯರ ಮೇಲೆ ನಡೆದ ಇನ್ನೊಂದು ಸಣ್ಣ ಅಧ್ಯಯನದಲ್ಲಿ, ಪ್ರತಿ ಕೆ.ಜಿ.ಗೆ 1.2 ಗ್ರಾಂ ತಿಂದವರಿಗೆ ಸ್ನಾಯು ನಷ್ಟ ತುಸು ಕಡಿಮೆಯಾಯಿತು, ಆದರೆ ತೂಕ ಇಳಿಸಿದ್ದರಿಂದ ಇನ್ಸುಲಿನ್ ಕೆಲಸ ಸುಧಾರಿಸಬೇಕಿತ್ತಲ್ಲ, ಆ ಸುಧಾರಣೆ ಆಗಲಿಲ್ಲ. ಅವರು ವ್ಯಾಯಾಮ ಮಾಡುತ್ತಿರಲಿಲ್ಲ ಎಂಬುದನ್ನು ಗಮನಿಸಿ. ಮೂತ್ರಪಿಂಡದ ತೊಂದರೆ ಇರುವವರಿಗಂತೂ ಪ್ರೋಟೀನಿನ ಅಳತೆ ವೈದ್ಯರೇ ಹೇಳಬೇಕು.

ಹಸಿವು ಕುಗ್ಗಿಸಿ ತೂಕ ಇಳಿಸುವ ಮೌಂಜಾರೊ, ವೆಗೋವಿ ಚುಚ್ಚುಮದ್ದುಗಳು 2025ರಿಂದ ನಮ್ಮ ದೇಶದಲ್ಲೂ ಸಿಗುತ್ತಿವೆ. ವೆಗೋವಿಯಲ್ಲಿರುವ ಸೆಮಾಗ್ಲುಟೈಡ್‌ನ ಪ್ರಯೋಗದಲ್ಲಿ 140 ಜನರ ದೇಹವನ್ನು ಡೆಕ್ಸಾ ಯಂತ್ರದಲ್ಲಿ ಅಳೆದಾಗ, ಇಳಿದ ತೂಕದಲ್ಲಿ ಸುಮಾರು ಶೇ 40 ಕೊಬ್ಬಲ್ಲದ ಭಾಗವಾಗಿತ್ತು. ಅದೆಲ್ಲ ಸ್ನಾಯುವಲ್ಲ, ನೀರೂ ಅಂಗಾಂಗವೂ ಅದರಲ್ಲಿ ಸೇರಿವೆ. ಔಷಧಿಯನ್ನು ದೂರಲು ಈ ಒಂದು ಅಂಕಿ ಸಾಲದು. ಆದರೆ ಹಸಿವೇ ಇಲ್ಲದವರು ಬೇಳೆ, ಮೊಟ್ಟೆಯಂಥ ಹೊಟ್ಟೆ ತುಂಬಿಸುವ ಪದಾರ್ಥವನ್ನೂ ಬಿಟ್ಟುಬಿಡಬಹುದು. ಚುಚ್ಚುಮದ್ದು ಬರೆದುಕೊಡುವ ಚೀಟಿಯಲ್ಲಿ ಊಟದ ಮಾತೂ ಭಾರ ಎತ್ತುವ ಮಾತೂ ಇಲ್ಲದಿದ್ದರೆ ಆ ಚಿಕಿತ್ಸೆ ಅರೆಬರೆ.

ಅರುವತ್ತು ದಾಟಿದ ಅಪ್ಪ ಅಮ್ಮನಿಗೆ ‘ತೂಕ ಇಳಿಸಿ’ ಎಂದು ಒತ್ತಾಯಿಸುವ ಮಕ್ಕಳಲ್ಲಿ ಒಂದು ವಿನಂತಿ. ಶುರು ಮಾಡುವ ಮೊದಲು ವೈದ್ಯರನ್ನು ಕೇಳಿ ಸೊಂಟದ ಮೂಳೆಯ ಸಾಂದ್ರತೆ ಒಮ್ಮೆ ಅಳೆಸಿ. ಬೆಳಗಿನ ವಾಕಿಂಗ್ ಜೊತೆ ವಾರಕ್ಕೆ ಎರಡು ಮೂರು ದಿನ, ಗೊತ್ತಿರುವವರ ಕೈಕೆಳಗೆ ಭಾರ ಎತ್ತುವುದನ್ನು ಕಲಿಸಿ. ರಾತ್ರಿಯ ಅಂಬಲಿಯ ಪಕ್ಕದಲ್ಲಿ ಒಂದು ಬಟ್ಟಲು ಕಾಳು ಇಡಿ. ಇಷ್ಟು ಮಾಡಲಾಗದಿದ್ದರೆ ತೂಕ ಇಳಿಸಿ ಎಂದು ಅವರನ್ನು ಅವಸರಪಡಿಸಬೇಡಿ.